ದುಡ್ಡು ಕಟ್ ಆಗಿದೆ, ಆರ್ಡರ್ ಮಾತ್ರ ‘ಪೆಂಡಿಂಗ್’

ಪ್ರಶ್ನೆ: ಮೇಡಂ, ನಾನು ಶಿರಸಿ ಹತ್ತಿರದ ಹಳ್ಳಿಯವನು. ದೊಡ್ಡಮ್ಮ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ನೋಡ್‌ಜೆಎಸ್ ಮತ್ತು ಎಕ್ಸ್‌ಪ್ರೆಸ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನಗಳು) ಬಳಸಿ ನಾನೇ ಒಂದು ಸೈಟ್ ಮಾಡಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ದಿನಕ್ಕೆ 20–30 ಆರ್ಡರ್ ಬರುತ್ತವೆ, ಜಾಸ್ತಿ ಬೆಂಗಳೂರಿನವು. ಪೇಮೆಂಟ್ ಗೇಟ್‌ವೇ (ಗ್ರಾಹಕರಿಂದ ಆನ್‌ಲೈನ್‌ನಲ್ಲಿ ಹಣ ಪಡೆದು ನಮಗೆ ತಲುಪಿಸುವ ಸೇವೆ) ಸೇರಿಸಿ ಎರಡು ತಿಂಗಳಾಯಿತು. ವಾರಕ್ಕೆ ನಾಲ್ಕೈದು ಜನ ಫೋನ್ ಮಾಡಿ, ‘ದುಡ್ಡು ಕಟ್ ಆಗಿದೆ, ನಿಮ್ಮ ಸೈಟ್ ಫೇಲ್ ಅಂತ ತೋರಿಸಿತು’ ಎಂದು ಸಿಟ್ಟು ಮಾಡುತ್ತಾರೆ. ‘ಐದು ದಿನದಲ್ಲಿ ಬ್ಯಾಂಕ್ ವಾಪಸ್ ಹಾಕುತ್ತದೆ’ ಎಂದು ಹೇಳಿ ಸಮಾಧಾನ ಮಾಡುತ್ತಿದ್ದೇನೆ. ಇನ್ನೊಂದು ಕಡೆ, ಒಂದೇ ಸಲ ದುಡ್ಡು ಕೊಟ್ಟವರಿಗೆ ಎರಡು ಪಾರ್ಸೆಲ್ ಹೋಗಿದೆ. ಮೂರು ಸಲ ಹೀಗಾಯಿತು. ವೆಬ್‌ಹುಕ್‌ನಲ್ಲಿ (ಗೇಟ್‌ವೇ ಸರ್ವರ್ ನನ್ನ ಸರ್ವರ್‌ಗೆ ತಾನಾಗಿ ಕಳಿಸುವ ಸಂದೇಶ) ಕೆಲವು ಆರ್ಡರ್‌ಗಳಿಗೆ ಮಾತ್ರ ‘ಸಹಿ ಹೊಂದುತ್ತಿಲ್ಲ’ ಎಂಬ ಎರರ್ ಬರುತ್ತದೆ. ಗೆಳೆಯನೊಬ್ಬ, ‘ನೋಡ್‌ಜೆಎಸ್ ಒಂದೇ ಥ್ರೆಡ್‌ನದು, ದುಡ್ಡಿನ ಕೆಲಸಕ್ಕೆ ಆಗಿಬರಲ್ಲ, ಜಾವಾಗೆ ಹೋಗು’ ಎನ್ನುತ್ತಾನೆ. ಇನ್ನೊಬ್ಬ, ‘ಗೇಟ್‌ವೇ ಪಾಪ್‌ಅಪ್ ತೆಗೆದು ಕಾರ್ಡ್ ನಂಬರ್ ಸೈಟಿನಲ್ಲೇ ತಗೋ’ ಎನ್ನುತ್ತಾನೆ. ಲಾಗ್ ಮತ್ತು ಕೋಡ್ ಜೊತೆಗಿಟ್ಟಿದ್ದೇನೆ. ನಾನು ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಇವತ್ತೇ. ‘ಐದು ದಿನದಲ್ಲಿ ಬ್ಯಾಂಕ್ ವಾಪಸ್ ಹಾಕುತ್ತದೆ’ ಎಂದು ಹೇಳುವುದನ್ನು ನಿಲ್ಲಿಸಿ.

ಆ ಐದು ದಿನದ ಲೆಕ್ಕ ಎಲ್ಲಿಂದ ಬಂತು ಅಂತ ಗೊತ್ತು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಯುಪಿಐ ಮೂಲಕ ಅಂಗಡಿಗೆ ಹಣ ಕಟ್ಟುವಾಗ ಗ್ರಾಹಕರ ಖಾತೆಯಿಂದ ದುಡ್ಡು ಹೋಗಿ, ಅಂಗಡಿಯ ಕಡೆ ಖಚಿತವಾಗದಿದ್ದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಅದು ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಒಳ್ಳೆಯ ನಿಯಮ. ಆದರೆ ನಿಮ್ಮ ಗ್ರಾಹಕರಿಗೆ ಇದು ಅನ್ವಯಿಸುವುದಿಲ್ಲ. ನೀವು ಕಳಿಸಿದ ಏಳು ‘ಫೇಲ್’ ಆರ್ಡರ್‌ಗಳಲ್ಲಿ ಆರರ ಹಣ ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ‘ಕ್ಯಾಪ್ಚರ್ಡ್’ ಎಂದೇ ಇದೆ. ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ವ್ಯವಹಾರ ಸರಿಯಾಗಿಯೇ ಮುಗಿದಿದೆ, ದುಡ್ಡು ನಿಮಗೆ ಬಂದಿದೆ. ಬ್ಯಾಂಕ್ ಏನನ್ನು ವಾಪಸ್ ಹಾಕಬೇಕು? ಆ ಆರು ಜನ ಐದು ದಿನವಲ್ಲ, ಐದು ತಿಂಗಳು ಕಾದರೂ ಏನೂ ಬರುವುದಿಲ್ಲ. ಅವರಿಗೆ ನೀವೇ ಫೋನ್ ಮಾಡಿ, ಉಪ್ಪಿನಕಾಯಿ ಬೇಕಾ, ರೀಫಂಡ್ ಬೇಕಾ ಕೇಳಿ. ನೀವು ಮೋಸ ಮಾಡಿಲ್ಲ, ನಿಮ್ಮ ಪ್ರೋಗ್ರಾಂಗೆ ದುಡ್ಡು ಬಂದದ್ದು ತಿಳಿದಿಲ್ಲ ಅಷ್ಟೇ. ಆದರೆ ಫೋನಿನ ಆ ಕಡೆ ಇರುವವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಅಲ್ವಾ?

ಪ್ರೋಗ್ರಾಂಗೆ ಯಾಕೆ ತಿಳಿಯಲಿಲ್ಲ? ನಿಮ್ಮ ಕೋಡ್ ಹೆಚ್ಚಾಗಿ ಬ್ರೌಸರ್‌ನ ಮಾತನ್ನು ನಂಬಿ ನಡೆಯುತ್ತಿದೆ. ಗ್ರಾಹಕರು ಪಾವತಿ ಮುಗಿಸಿದ ಮೇಲೆ ಪಾಪ್‌ಅಪ್ ಮುಚ್ಚುತ್ತದೆ, ಪೇಜಿನಲ್ಲಿರುವ ಜಾವಾಸ್ಕ್ರಿಪ್ಟ್ ನಿಮ್ಮ ಸರ್ವರ್‌ಗೆ ಸುದ್ದಿ ಕಳಿಸುತ್ತದೆ, ಆಗ ಆರ್ಡರ್ ‘ಪೇಯ್ಡ್’ ಆಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೀವು ಪರೀಕ್ಷೆ ಮಾಡುವಾಗ ಇದು ನೂರಕ್ಕೆ ನೂರು ಸರಿಯಾಗಿ ನಡೆಯುತ್ತದೆ. ಮೊಬೈಲಿನಲ್ಲಿ ಏನಾಗುತ್ತದೆ ನೋಡಿ. ಗ್ರಾಹಕರು ಮೆಟ್ರೋದಲ್ಲಿ ನಿಂತಿದ್ದಾರೆ. ಪೇ ಬಟನ್ ಒತ್ತಿದರು, ಯುಪಿಐ ಆ್ಯಪ್ ತೆರೆಯಿತು. ಬ್ರೌಸರ್ ಹಿಂದಕ್ಕೆ ಸರಿಯಿತು. ಪಿನ್ ಹಾಕಿದರು, ಹಸಿರು ಟಿಕ್ ಬಂತು. ಅಷ್ಟರಲ್ಲಿ ಮೆಮೊರಿ ಸಾಲದೆ ಫೋನ್ ನಿಮ್ಮ ಪೇಜನ್ನು ಮುಚ್ಚಿಬಿಟ್ಟಿದೆ. ಅಥವಾ ರೈಲು ಸುರಂಗದೊಳಗೆ ಹೋಗಿ ನೆಟ್‌ವರ್ಕ್ ಹೋಗಿದೆ. ಅಥವಾ ಹಸಿರು ಟಿಕ್ ನೋಡಿದ ಗ್ರಾಹಕರು ಕೆಲಸ ಆಯ್ತು ಎಂದು ಫೋನ್ ಜೇಬಿಗೆ ಹಾಕಿದ್ದಾರೆ. ಅವರದೇನೂ ತಪ್ಪಿಲ್ಲ. ಸುದ್ದಿ ತರಬೇಕಾದ ಪೇಜೇ ಇಲ್ಲ. ಹತ್ತು ನಿಮಿಷ ಕಾದು ನಿಮ್ಮ ಟೈಮರ್ ಆರ್ಡರನ್ನು ‘ಫೇಲ್’ ಎಂದು ಬರೆದುಬಿಡುತ್ತದೆ.

ಆದ್ದರಿಂದ ಹಣ ಬಂತೋ ಇಲ್ಲವೋ ಎಂಬುದನ್ನು ನಿಮ್ಮ ಸರ್ವರ್ ಗೇಟ್‌ವೇ ಸರ್ವರ್‌ನಿಂದಲೇ ತಿಳಿಯಬೇಕು. ಬ್ರೌಸರ್ ತರುವ ಸುದ್ದಿ ಬೇಗ ಬಂದರೆ ಸಂತೋಷ, ಬಾರದಿದ್ದರೂ ಕೆಲಸ ನಿಲ್ಲಬಾರದು. ವೆಬ್‌ಹುಕ್ ಇರುವುದೇ ಇದಕ್ಕೆ. ನೀವು ವೆಬ್‌ಹುಕ್ ಹಾಕಿದ್ದೀರಿ, ಅದು ನಿಮ್ಮ ಬಾಗಿಲಿಗೆ ಬಂದೂ ಇದೆ. ನಿಮ್ಮ ಕೋಡ್ ಅದನ್ನು ಒಳಗೆ ಬಿಡಲಿಲ್ಲ.

ನಿಮ್ಮ ಲಾಗ್‌ನಲ್ಲಿ ನನಗೆ ತುಂಬ ಆಸಕ್ತಿ ಹುಟ್ಟಿಸಿದ್ದು ಈ ಸಹಿಯ ಎರರ್. ‘ಕೆಲವು ಆರ್ಡರ್‌ಗೆ ಮಾತ್ರ’ ಎಂದು ಬರೆದಿದ್ದೀರಿ. ಯಾವ ಕೆಲವು ಎಂದು ಒಂದೊಂದಾಗಿ ನೋಡಿದೆ. ಸಹಿ ತಪ್ಪಿದ ಆರರಲ್ಲೂ ಗ್ರಾಹಕರು ವಿಳಾಸವನ್ನು ಕನ್ನಡದಲ್ಲಿ ಬರೆದಿದ್ದಾರೆ. ಇಂಗ್ಲಿಷ್ ವಿಳಾಸ ಇದ್ದವೆಲ್ಲ ಪಾಸಾಗಿವೆ. ಆ ವಿಳಾಸವನ್ನು ನೀವು ಆರ್ಡರ್ ಮಾಡುವಾಗ ಟಿಪ್ಪಣಿಯಾಗಿ ಗೇಟ್‌ವೇಗೆ ಕಳಿಸುತ್ತೀರಿ, ಅದು ವೆಬ್‌ಹುಕ್‌ನಲ್ಲಿ ತಿರುಗಿ ಬರುತ್ತದೆ.

ಸಹಿ ಎಂದರೆ ಇಲ್ಲಿ ಎಚ್‌ಮ್ಯಾಕ್. ಗೇಟ್‌ವೇ ತಾನು ಕಳಿಸುವ ಸಂದೇಶದ ಬೈಟ್‌ಗಳನ್ನೂ ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಪದವನ್ನೂ ಸೇರಿಸಿ, ಎಸ್‌ಎಚ್‌ಎ–256 ಲೆಕ್ಕ ಹಾಕಿ, ಬಂದ ಉತ್ತರವನ್ನು ಹೆಡರ್‌ನಲ್ಲಿ ಇಡುತ್ತದೆ. ನೀವೂ ಅದೇ ಲೆಕ್ಕ ಹಾಕಿ ತಾಳೆ ನೋಡಬೇಕು. ಬೈಟ್ ಒಂದು ಬದಲಾದರೂ ಉತ್ತರ ಪೂರ್ತಿ ಬೇರೆ. ನಿಮ್ಮ ಆ್ಯಪ್‌ನಲ್ಲಿ ಎಲ್ಲಕ್ಕಿಂತ ಮೊದಲು ಎಕ್ಸ್‌ಪ್ರೆಸ್‌ನ ಜೇಸನ್ ಪಾರ್ಸರ್ ಕೂತಿದೆ. ಜೇಸನ್ ಎಂದರೆ ಡೇಟಾವನ್ನು ಅಕ್ಷರಗಳಲ್ಲಿ ಬರೆದು ಕಳಿಸುವ ಒಂದು ರೂಪ. ಅದು ಸಂದೇಶವನ್ನು ಬಿಚ್ಚಿ ಆಬ್ಜೆಕ್ಟ್ ಮಾಡುತ್ತದೆ. ಆಮೇಲೆ ನೀವು ಅದನ್ನು ಸ್ಟ್ರಿಂಗಿಫೈ ಮಾಡಿ, ಅಂದರೆ ಮತ್ತೆ ಜೇಸನ್ ಅಕ್ಷರಗಳಾಗಿ ಬರೆದು, ಆ ಹೊಸ ಅಕ್ಷರಗಳ ಮೇಲೆ ಸಹಿ ಲೆಕ್ಕ ಹಾಕುತ್ತೀರಿ. ಅರಗಿನ ಮುದ್ರೆ ಒಡೆದು ಪತ್ರ ಓದಿ, ಇನ್ನೊಂದು ಹಾಳೆಯಲ್ಲಿ ನಕಲು ಮಾಡಿ, ಆ ನಕಲಿನ ಮೇಲೆ ಮುದ್ರೆ ಹುಡುಕಿದ ಹಾಗೆ. ಇಂಗ್ಲಿಷ್ ವಿಳಾಸ ಇದ್ದಾಗ ನಿಮ್ಮ ನಕಲು ಅದೃಷ್ಟಕ್ಕೆ ಮೂಲದಂತೆಯೇ ಬರುತ್ತಿತ್ತು. ಕನ್ನಡ ಇದ್ದಾಗ ಹಾಗಾಗಲಿಲ್ಲ. ಕಳಿಸುವವರ ಕಡೆ ‘ಕ’ ಅಕ್ಷರವನ್ನು ಬ್ಯಾಕ್‌ಸ್ಲ್ಯಾಷ್, ಯು, ಆಮೇಲೆ ನಾಲ್ಕು ಸಂಕೇತಗಳಾಗಿ ಬರೆಯುವುದುಂಟು. ಒಟ್ಟು ಆರು ಬೈಟ್. ನಿಮ್ಮ ಸ್ಟ್ರಿಂಗಿಫೈ ಅದನ್ನು ನೇರ ‘ಕ’ ಎಂದೇ ಬರೆಯುತ್ತದೆ, ಅದು ಯುಟಿಎಫ್–8ರಲ್ಲಿ ಮೂರು ಬೈಟ್. ಎರಡೂ ಸರಿಯಾದ ಜೇಸನ್, ಅರ್ಥ ಒಂದೇ, ಬೈಟ್ ಬೇರೆ. ಸಹಿ ಹೊಂದುವುದು ಹೇಗೆ?

ಇದಕ್ಕೆ ಮದ್ದು ಸಣ್ಣದು. ವೆಬ್‌ಹುಕ್ ದಾರಿಗೆ ಮಾತ್ರ ಎಕ್ಸ್‌ಪ್ರೆಸ್‌ನ ‘ರಾ’ ಪಾರ್ಸರ್ ಹಾಕಿ. ಆ ಸಾಲು ಜೇಸನ್ ಪಾರ್ಸರ್‌ನ ಸಾಲಿಗಿಂತ ಮೇಲೆ ಇರಬೇಕು, ಇಲ್ಲದಿದ್ದರೆ ಉಪಯೋಗ ಇಲ್ಲ. ಬಂದ ಬಫರ್‌ನ (ಬಿಚ್ಚದೆ ಹಾಗೇ ಇರುವ ಬೈಟ್‌ಗಳ) ಮೇಲೆಯೇ ಸಹಿ ಲೆಕ್ಕ ಹಾಕಿ, ಹೊಂದಿದರೆ ಆಮೇಲೆ ಪಾರ್ಸ್ ಮಾಡಿ. ಹೋಲಿಕೆಗೆ ಕ್ರಿಪ್ಟೋ ಮಾಡ್ಯೂಲ್‌ನ ‘ಟೈಮಿಂಗ್ ಸೇಫ್ ಈಕ್ವಲ್’ ಬಳಸಿ. ಎರಡು ಬಫರ್‌ಗಳ ಉದ್ದ ಬೇರೆ ಇದ್ದರೆ ಅದು ತಪ್ಪು ಎಂದು ಹೇಳುವುದಿಲ್ಲ, ಎರರ್ ಎಸೆಯುತ್ತದೆ. ಹಾಗಾಗಿ ಮೊದಲು ಉದ್ದ ನೋಡಿ. ಇನ್ನೂ ಒಂದು ಮಾತು: ವೆಬ್‌ಹುಕ್‌ನ ಗುಟ್ಟಿನ ಪದ ಬೇರೆ, ಎಪಿಐ ಕೀ (ನಿಮ್ಮ ಪ್ರೋಗ್ರಾಂ ಗೇಟ್‌ವೇ ಜೊತೆ ಮಾತಾಡಲು ಬಳಸುವ ಗುರುತು) ಜೊತೆ ಬರುವ ಗುಟ್ಟು ಬೇರೆ. ನೀವು ಸರಿಯಾಗಿಯೇ ಬಳಸಿದ್ದೀರಿ, ಆದರೆ ಇದರಲ್ಲಿ ಅರ್ಧ ದಿನ ಕಳೆದುಕೊಂಡವರನ್ನು ತುಂಬ ನೋಡಿದ್ದೇನೆ.

ಈಗ ಎರಡು ಪಾರ್ಸೆಲ್‌ನ ವಿಷಯ. ನಿಮ್ಮ ಗೆಳೆಯನ ‘ಒಂದೇ ಥ್ರೆಡ್’ ಮಾತು ಇಲ್ಲೇ ಬರುತ್ತದೆ. ನೋಡ್‌ಜೆಎಸ್‌ನಲ್ಲಿ ನೀವು ಬರೆದ ಜಾವಾಸ್ಕ್ರಿಪ್ಟ್ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಹೊತ್ತಿಗೆ ಒಂದೇ ಸಾಲು ಎಂಬಂತೆ ಓಡುತ್ತದೆ, ನಿಜ. ಅದರಿಂದ ದುಡ್ಡಿನ ಕೆಲಸಕ್ಕೆ ಆಗುವುದಿಲ್ಲ ಎಂಬುದು ಸುಳ್ಳು. ಪಾವತಿಯಲ್ಲಿ ಭಾರವಾದ ಲೆಕ್ಕ ಏನೂ ಇಲ್ಲ, ಇರುವುದೆಲ್ಲ ಡೇಟಾಬೇಸ್‌ಗೋ ಗೇಟ್‌ವೇಗೋ ಕೇಳಿ ಉತ್ತರಕ್ಕೆ ಕಾಯುವ ಕೆಲಸ. ಅದು ನೋಡ್‌ಜೆಎಸ್‌ಗೆ ಒಗ್ಗಿದ್ದೇ. ದಿನಕ್ಕೆ 30 ಆರ್ಡರ್ ಅಂತೂ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ಇದೇ ಮಾತಿಗೆ ಇನ್ನೊಂದು ಮುಖ ಇದೆ, ಅದರಲ್ಲಿ ಅಪಾಯ ಜಾಸ್ತಿ: ‘ಒಂದೇ ಥ್ರೆಡ್ ಅಲ್ವಾ, ಹಾಗಾದರೆ ಎರಡು ಕೆಲಸ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ’ ಎಂಬ ನಂಬಿಕೆ. ನಿಮ್ಮ ಕೋಡ್ ಬರೆದಿರುವುದು ಈ ನಂಬಿಕೆಯ ಮೇಲೆ.

ಎರಡು ಪಾರ್ಸೆಲ್ ಹೋದ ಒಂದು ಆರ್ಡರ್‌ನ ಲಾಗ್ ತೆಗೆದು ನೋಡಿ. 11 ಗಂಟೆ 42 ನಿಮಿಷ 7 ಸೆಕೆಂಡ್‌ಗೆ ಬ್ರೌಸರ್‌ನ ಸುದ್ದಿ ಬಂದಿದೆ. 32 ಮಿಲಿಸೆಕೆಂಡ್ ಬಿಟ್ಟು ವೆಬ್‌ಹುಕ್ ಬಂದಿದೆ. ಮೊದಲನೆಯದು ಡೇಟಾಬೇಸ್‌ಗೆ ‘ಈ ಆರ್ಡರ್ ಯಾವ ಸ್ಥಿತಿಯಲ್ಲಿದೆ’ ಎಂದು ಕೇಳಿ, ಅವೇಟ್‌ನಲ್ಲಿ (ಉತ್ತರ ಬರುವವರೆಗೆ ಕಾಯಿರಿ ಎಂಬ ಆದೇಶ) ಕಾಯುತ್ತಾ ಕೂತಿತು. ಕಾಯುವಾಗ ಥ್ರೆಡ್ ಸುಮ್ನೆ ಇರುವುದಿಲ್ಲ, ಮುಂದಿನ ಕೆಲಸ ತೆಗೆದುಕೊಳ್ಳುತ್ತದೆ. ಆ ಮುಂದಿನ ಕೆಲಸವೇ ವೆಬ್‌ಹುಕ್. ಅದೂ ಅದನ್ನೇ ಕೇಳಿತು. ಇಬ್ಬರಿಗೂ ‘ಪೆಂಡಿಂಗ್’ ಎಂಬ ಉತ್ತರವೇ ಬಂತು. ಇಬ್ಬರೂ ‘ಪೇಯ್ಡ್’ ಎಂದು ಬರೆದರು, ಇಬ್ಬರೂ ಪಾರ್ಸೆಲ್ ಪಟ್ಟಿಗೆ ಒಂದೊಂದು ಸಾಲು ಸೇರಿಸಿದರು. ದೊಡ್ಡಮ್ಮ ಪಟ್ಟಿ ನೋಡಿ ಎರಡು ಬಾಟಲಿ ಕಟ್ಟಿದರು. ಜಾವಾದಲ್ಲಿ ಹೀಗೇ ಬರೆದಿದ್ದರೂ ಇದೇ ಆಗುತ್ತಿತ್ತು.

ಹಾಗಾಗಿ ‘ಮೊದಲು ನೋಡು, ಆಮೇಲೆ ಬರೆ’ ಎಂಬುದನ್ನು ಬಿಡಿ. ಎರಡನ್ನೂ ಡೇಟಾಬೇಸ್‌ಗೆ ಒಂದೇ ಉಸಿರಿನಲ್ಲಿ ಹೇಳಿ: ‘ಈ ಆರ್ಡರ್ ಇನ್ನೂ ಪೆಂಡಿಂಗ್ ಇದ್ದರೆ ಮಾತ್ರ ಪೇಯ್ಡ್ ಮಾಡು’. ಅಪ್‌ಡೇಟ್ ವಾಕ್ಯದ ವೇರ್ ಭಾಗದಲ್ಲೇ ಹಳೆಯ ಸ್ಥಿತಿಯನ್ನೂ ಬರೆಯಿರಿ. ಎಷ್ಟು ಸಾಲು ಬದಲಾಯಿತು ಎಂದು ಪೋಸ್ಟ್‌ಗ್ರೆಸ್ ಹೇಳುತ್ತದೆ. ಒಂದು ಎಂದರೆ ನೀವೇ ಮೊದಲು ಬಂದವರು, ಪಾರ್ಸೆಲ್ ಸಾಲು ಸೇರಿಸಿ. ಸೊನ್ನೆ ಎಂದರೆ ಬೇರೆಯವರು ಆಗಲೇ ಮಾಡಿದ್ದಾರೆ, ‘ಸರಿ’ ಎಂದು ಉತ್ತರಿಸಿ ಹೊರಗೆ ಬನ್ನಿ. ಇಬ್ಬರು ಒಟ್ಟಿಗೆ ಬಂದರೆ ಎರಡನೆಯವರನ್ನು ಪೋಸ್ಟ್‌ಗ್ರೆಸ್ ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ, ಮೊದಲನೆಯವರು ಮುಗಿಸಿದ ಮೇಲೆ ಸ್ಥಿತಿಯನ್ನು ಮತ್ತೆ ನೋಡುತ್ತದೆ. ಪಾರ್ಸೆಲ್ ಸಾಲು ಸೇರಿಸುವುದೂ ಡೇಟಾಬೇಸ್‌ನ ಇದೇ ಟ್ರಾನ್ಸಾಕ್ಷನ್ ಒಳಗೆ ಆಗಲಿ, ಅಂದರೆ ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಇಲ್ಲದಿದ್ದರೆ ‘ಪೇಯ್ಡ್’ ಬರೆದು ಪಾರ್ಸೆಲ್ ಬರೆಯುವಷ್ಟರಲ್ಲಿ ಸರ್ವರ್ ರೀಸ್ಟಾರ್ಟ್ ಆದರೆ, ದುಡ್ಡು ಬಂದಿರುತ್ತದೆ, ಪಾರ್ಸೆಲ್ ಹೋಗುವುದಿಲ್ಲ. ಪಾರ್ಸೆಲ್ ಟೇಬಲ್‌ನಲ್ಲಿ ಆರ್ಡರ್ ಸಂಖ್ಯೆ ಒಂದೇ ಸಲ ಬರಬೇಕು ಎಂದು ಯೂನಿಕ್ ಕಟ್ಟುಪಾಡನ್ನೂ ಹಾಕಿಬಿಡಿ. ನಾಳೆ ಯಾರಾದರೂ ಕೋಡ್ ತಿದ್ದುವಾಗ ತಪ್ಪಿದರೂ ಡೇಟಾಬೇಸ್ ಒಪ್ಪುವುದಿಲ್ಲ.

ಬ್ರೌಸರ್ ಸುದ್ದಿ, ವೆಬ್‌ಹುಕ್, ಆಮೇಲೆ ಹೇಳುವ ತಪಾಸಣೆ ಕೆಲಸ, ಮೂರೂ ಈ ಒಂದೇ ಫಂಕ್ಷನ್ ಮೂಲಕ ಹೋಗಬೇಕು. ಪೇಯ್ಡ್ ಆಗಲು ಒಂದೇ ಬಾಗಿಲು. ಹತ್ತು ಸಲ ತಟ್ಟಿದರೂ ಒಮ್ಮೆ ಮಾತ್ರ ತೆರೆಯಬೇಕು. ಮತ್ತೆ ಮತ್ತೆ ತಟ್ಟುತ್ತಾರೆ ಎಂಬುದು ಖಚಿತ. ಉದಾಹರಣೆಗೆ ರೇಜರ್‌ಪೇ ಎಂಬ ಗೇಟ್‌ವೇ, ಐದು ಸೆಕೆಂಡಿನೊಳಗೆ ನಿಮ್ಮ ಸರ್ವರ್‌ನಿಂದ ‘ಸಿಕ್ಕಿತು’ ಎಂಬ ಉತ್ತರ ಬಾರದಿದ್ದರೆ ಅದೇ ವೆಬ್‌ಹುಕ್ ಮತ್ತೆ ಕಳಿಸುತ್ತದೆ. 24 ಗಂಟೆ ಹೀಗೆ ಪ್ರಯತ್ನಿಸಿಯೂ ಆಗದಿದ್ದರೆ ಆ ವೆಬ್‌ಹುಕ್ ಅನ್ನೇ ನಿಲ್ಲಿಸಿಬಿಡುತ್ತದೆ. ನೀವು ವೆಬ್‌ಹುಕ್ ಒಳಗೇ ಕೊರಿಯರ್ ಎಪಿಐ ಕರೆದು, ಎಸ್ಸೆಮ್ಮೆಸ್ ಕಳಿಸಿ, ಆಮೇಲೆ ಉತ್ತರ ಕೊಡುತ್ತೀರಿ. ಕೊರಿಯರ್ ಸರ್ವರ್ ನಿಧಾನವಾದ ದಿನ ಇದು ಕೈ ಕೊಡುತ್ತದೆ. ಡೇಟಾಬೇಸ್‌ಗೆ ಬರೆದ ಕೂಡಲೇ ಉತ್ತರ ಕೊಡಿ. ಕೊರಿಯರ್ ಮತ್ತು ಎಸ್ಸೆಮ್ಮೆಸ್‌ನ ಕೆಲಸವನ್ನು ಪಾರ್ಸೆಲ್ ಪಟ್ಟಿ ನೋಡಿ ಬೇರೆ ಪ್ರೋಗ್ರಾಂ ಮಾಡಲಿ.

ಸ್ಥಿತಿಯ ಬಗ್ಗೆ ಇನ್ನೊಂದು. ಗ್ರಾಹಕರ ಮೊದಲ ಪ್ರಯತ್ನ ಫೇಲ್ ಆಗಿ ಎರಡನೆಯದು ಗೆದ್ದಿರಬಹುದು. ಆ ‘ಫೇಲ್’ ಸುದ್ದಿ ‘ಗೆದ್ದ’ ಸುದ್ದಿಯ ಆಮೇಲೆ ಬರಬಹುದು. ವೆಬ್‌ಹುಕ್‌ಗಳು ಸಾಲಾಗಿಯೇ ಬರುತ್ತವೆ ಎಂಬ ಭರವಸೆ ಇಲ್ಲ. ಪೇಯ್ಡ್ ಆದ ಆರ್ಡರ್ ಯಾವ ಕಾರಣಕ್ಕೂ ಮತ್ತೆ ಫೇಲ್ ಆಗಬಾರದು. ಹತ್ತು ನಿಮಿಷದ ಆ ಟೈಮರ್ ಅನ್ನೂ ತೆಗೆಯಿರಿ. ಗ್ರಾಹಕರಿಗೆ ‘ಫೇಲ್’ ಬದಲು ‘ನಿಮ್ಮ ಪಾವತಿ ಖಚಿತವಾಗುತ್ತಿದೆ, ಆದ ಕೂಡಲೇ ಮೆಸೇಜ್ ಬರುತ್ತದೆ, ದಯವಿಟ್ಟು ಮತ್ತೆ ಪಾವತಿ ಮಾಡಬೇಡಿ’ ಎಂದು ತೋರಿಸಿ. ಈ ಒಂದು ವಾಕ್ಯದಿಂದ ನಿಮ್ಮ ಫೋನ್ ಕರೆಗಳು ಕಡಿಮೆಯಾಗುತ್ತವೆ. ನನ್ನ ಅನುಭವದಲ್ಲಿ ಜನ ತಡವನ್ನು ಸಹಿಸುತ್ತಾರೆ, ಸುಳ್ಳನ್ನು ಸಹಿಸುವುದಿಲ್ಲ.

ವೆಬ್‌ಹುಕ್ ಸರಿಪಡಿಸಿದರೂ ಅದೊಂದನ್ನೇ ನೆಚ್ಚಬೇಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೇಗಿರುತ್ತದೆ ಎಂದು ನಾನು ಹೇಳಬೇಕಿಲ್ಲ. ಸರ್ವರ್ ಬಾಡಿಗೆಯದ್ದಾದರೂ ಒಂದು ದಿನ ಬಿದ್ದೇ ಬೀಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಓಡುವ ಒಂದು ಸಣ್ಣ ಕೆಲಸ ಬರೆಯಿರಿ: ಹದಿನೈದು ನಿಮಿಷಕ್ಕಿಂತ ಹಳೆಯ ಪೆಂಡಿಂಗ್ ಆರ್ಡರ್‌ಗಳನ್ನು ತೆಗೆದು, ‘ಇದಕ್ಕೆ ಹಣ ಬಂದಿದೆಯಾ’ ಎಂದು ಗೇಟ್‌ವೇಗೆ ಕೇಳುವುದು. ಬಂದಿದ್ದರೆ ಅದೇ ಬಾಗಿಲಿನಿಂದ ಒಳಗೆ ಬಿಡುವುದು. ಮೂವತ್ತು ಸಾಲು ಕೋಡ್ ಸಾಕು. ನಾನು ನೋಡಿದ ಸೈಟ್‌ಗಳಲ್ಲಿ ಎಲ್ಲರೂ ಕೊನೆಗೆ ಬರೆಯುವುದು ಇದನ್ನೇ, ಮೊದಲು ಬರೆಯಬೇಕಾದ್ದೂ ಇದನ್ನೇ.

ಏಳನೆಯ ಆರ್ಡರ್ ಮರೆತಿಲ್ಲ. ಅದು ಕಾರ್ಡ್ ಪಾವತಿ, ಡ್ಯಾಶ್‌ಬೋರ್ಡ್‌ನಲ್ಲಿ ‘ಆಥರೈಸ್ಡ್’ ಎಂದಿದೆ. ಅಂದರೆ ಬ್ಯಾಂಕ್ ಒಪ್ಪಿ ಹಣವನ್ನು ತೆಗೆದಿಟ್ಟಿದೆ, ನೀವು ‘ತೆಗೆದುಕೊಂಡೆ’ ಎಂದು ಹೇಳಿಲ್ಲ. ಹೇಳದೆ ಬಿಟ್ಟರೆ ಕೆಲವು ದಿನಕ್ಕೆ ಗ್ರಾಹಕರಿಗೇ ವಾಪಸ್ ಹೋಗುತ್ತದೆ. ಈ ಒಬ್ಬರಿಗೆ ಮಾತ್ರ ‘ವಾಪಸ್ ಬರುತ್ತದೆ’ ಎಂದು ನೀವು ಹೇಳಿದ್ದು ನಿಜವಾಗಬಹುದು. ಸೆಟ್ಟಿಂಗ್‌ನಲ್ಲಿ ಆಟೊ ಕ್ಯಾಪ್ಚರ್ ಆನ್ ಮಾಡಿ.

ನೀವು ಕೇಳದ ಒಂದು ವಿಷಯವೂ ಇದೆ. ಅದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಆರ್ಡರ್‌ನ ಮೊತ್ತವನ್ನು ನೀವು ಬ್ರೌಸರ್‌ನಿಂದ ತೆಗೆದುಕೊಳ್ಳುತ್ತಿದ್ದೀರಿ. ಕೆಲವು ವರ್ಷದ ಹಿಂದೆ ಒಂದು ಸೀರೆ ಅಂಗಡಿಯ ಕೋಡ್ ನೋಡಲು ನನ್ನನ್ನು ಕರೆದಿದ್ದರು. ಅಲ್ಲಿ ಯಾರೋ ಬ್ರೌಸರ್‌ನಲ್ಲಿ ಮೊತ್ತವನ್ನು ಒಂದು ರೂಪಾಯಿ ಮಾಡಿ ರೇಷ್ಮೆ ಸೀರೆ ತರಿಸಿಕೊಂಡಿದ್ದರು. ಸಹಿ ಸರಿ, ಪಾವತಿ ಸರಿ, ಎಲ್ಲ ಹಸಿರು. ತಿಂಗಳ ಕೊನೆಗೆ ಲೆಕ್ಕ ಬರೆಯುವವರು ಪಾಸ್‌ಬುಕ್ ನೋಡಿದಾಗ ಗೊತ್ತಾಯಿತು. ಬ್ರೌಸರ್‌ನಿಂದ ಬರಬೇಕಾದ್ದು ಯಾವ ಬಾಟಲಿ, ಎಷ್ಟು ಎಂಬುದಷ್ಟೇ. ಬೆಲೆಯನ್ನು ನಿಮ್ಮ ಡೇಟಾಬೇಸ್‌ನಿಂದಲೇ ತೆಗೆದು, ಗೇಟ್‌ವೇ ಆರ್ಡರನ್ನು ಸರ್ವರ್‌ನಲ್ಲೇ ಮಾಡಿ, ಗೇಟ್‌ವೇ ಕೊಟ್ಟ ಆರ್ಡರ್ ಐಡಿಯನ್ನು ನಿಮ್ಮ ಸಾಲಿನಲ್ಲಿ ಬರೆದಿಡಿ. ಬ್ರೌಸರ್ ತರುವ ಸುದ್ದಿಯ ಜೊತೆಗಿನ ಸಹಿ ಪರೀಕ್ಷಿಸುವಾಗ ಬ್ರೌಸರ್ ಕೊಟ್ಟ ಐಡಿ ಬಳಸಬೇಡಿ, ನೀವು ಬರೆದಿಟ್ಟದ್ದನ್ನೇ ಬಳಸಿ. ಇಲ್ಲದಿದ್ದರೆ ಸಣ್ಣ ಆರ್ಡರ್‌ನ ಅಸಲಿ ಸಹಿಯನ್ನು ತಂದು ದೊಡ್ಡ ಆರ್ಡರ್‌ಗೆ ಅಂಟಿಸಬಹುದು. ಪೇಯ್ಡ್ ಮಾಡುವ ಮುಂಚೆ ಬಂದ ಮೊತ್ತ ನಿಮ್ಮ ಮೊತ್ತಕ್ಕೆ ಸಮವೇ ಎಂದೂ ನೋಡಿ.

ಮೊತ್ತವನ್ನು ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಟ್ಟುಕೊಳ್ಳಿ. ಜಾವಾಸ್ಕ್ರಿಪ್ಟ್‌ನಲ್ಲಿ 19.99 ಅನ್ನು 100ರಿಂದ ಗುಣಿಸಿ ನೋಡಿ, 1999 ಬರುವುದಿಲ್ಲ, 1998.9999999999998 ಬರುತ್ತದೆ. ಇಂಥದ್ದನ್ನು ಗೇಟ್‌ವೇ ಒಪ್ಪುವುದಿಲ್ಲ. ಅಥವಾ ನೀವು ದಶಾಂಶವನ್ನು ಕತ್ತರಿಸಿದರೆ ಒಂದು ಪೈಸೆ ಕಡಿಮೆ ಬರುತ್ತದೆ, ಆಮೇಲೆ ‘ಸಮವೇ’ ಎಂಬ ಪರೀಕ್ಷೆ ತಪ್ಪುತ್ತದೆ.

ಕಾರ್ಡ್ ನಂಬರನ್ನು ಸೈಟಿನಲ್ಲೇ ತೆಗೆದುಕೊಳ್ಳುವ ಸಲಹೆಗೆ ನನ್ನ ಉತ್ತರ ಒಂದೇ: ಬೇಡ. ನಿಮ್ಮ ತೊಂದರೆ ಪಾಪ್‌ಅಪ್‌ನದ್ದಲ್ಲ. ಕಾರ್ಡ್ ನಂಬರ್ ನಿಮ್ಮ ಸರ್ವರ್ ಮೂಲಕ ಹಾದುಹೋದ ಕ್ಷಣ ಪಿಸಿಐ ಡಿಎಸ್‌ಎಸ್ ಎಂಬ ಸುರಕ್ಷತಾ ನಿಯಮಗಳ ಪೂರ್ತಿ ಹೊರೆ ನಿಮ್ಮ ತಲೆಗೆ ಬರುತ್ತದೆ. ಅದು ದೊಡ್ಡ ಕಂಪನಿಗಳೇ ಹೆಣಗುವ ಕೆಲಸ. ಸಾಲದ್ದಕ್ಕೆ 2022ರ ಅಕ್ಟೋಬರ್ 1ರಿಂದ, ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ಕಾರ್ಡ್ ನೆಟ್‌ವರ್ಕ್ ಬಿಟ್ಟು ಬೇರೆ ಯಾರೂ ಕಾರ್ಡ್ ವಿವರ ಉಳಿಸಿಕೊಳ್ಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಲೆಕ್ಕ ತಾಳೆ ನೋಡಲು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕ್ ಹೆಸರು ಇಟ್ಟುಕೊಳ್ಳಬಹುದು, ಅಷ್ಟೇ. ಲಾಗ್ ಫೈಲ್‌ನಲ್ಲಿ ಒಂದು ಕಾರ್ಡ್ ನಂಬರ್ ಉಳಿದರೂ ತಪ್ಪು ನಿಮ್ಮದಾಗುತ್ತದೆ.

ಹಾಗಾದರೆ ಬೇರೆ ದಾರಿ ಇಲ್ಲವೇ? ಇವೆ. ಕೋಡ್ ಸಾಕಪ್ಪಾ ಎನಿಸಿದರೆ ಗೇಟ್‌ವೇಯ ಪೇಮೆಂಟ್ ಲಿಂಕ್ ಬಳಸಿ. ಆರ್ಡರ್ ಬಂದಾಗ ಲಿಂಕ್ ಕಳಿಸುವುದು, ಡ್ಯಾಶ್‌ಬೋರ್ಡ್ ನೋಡಿ ಪಾರ್ಸೆಲ್ ಕಟ್ಟುವುದು. ದಿನಕ್ಕೆ ಐದಾರು ಆರ್ಡರ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ, ಮೂವತ್ತಕ್ಕೆ ಕಷ್ಟ. ಮಿಡಿ ಸೀಸನ್‌ನಲ್ಲಿ ಆರ್ಡರ್ ಏರಿದರೆ ಯಾರ ಹಣ ಯಾರದ್ದು ಎಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ಕ್ಯೂಆರ್ ಅಂಟಿಸಿ ಯುಪಿಐಗೆ ನೇರ ಹಾಕಿಸಿಕೊಂಡರೆ ಗೇಟ್‌ವೇ ಶುಲ್ಕ ಉಳಿಯುತ್ತದೆ ನಿಜ. ಆದರೆ ಆಗ ಪುರಾವೆ ಎಂದು ಬರುವುದು ಸ್ಕ್ರೀನ್‌ಶಾಟ್. ಅದನ್ನು ಯಾರು ಬೇಕಾದರೂ ತಯಾರಿಸಬಹುದು. ಪ್ರತಿ ಪಾರ್ಸೆಲ್‌ಗೂ ಬ್ಯಾಂಕ್ ಖಾತೆ ತೆರೆದು ನೋಡುವ ತಾಳ್ಮೆ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ. ನನ್ನನ್ನು ಕೇಳಿದರೆ ಈಗಿರುವ ಪಾಪ್‌ಅಪ್ ಮತ್ತು ವೆಬ್‌ಹುಕ್‌ನಲ್ಲೇ ಇರಿ. ನಿಮ್ಮ ಕೋಡ್ ಮುಕ್ಕಾಲು ಪಾಲು ಸರಿಯಿದೆ.

ಲೆಕ್ಕದ ಒಂದು ಸಣ್ಣ ಮಾತು, ದೊಡ್ಡಮ್ಮನಿಗೂ ಹೇಳಿ. ಶುಲ್ಕ 2% ಎಂದುಕೊಂಡರೆ, 1,000 ರೂಪಾಯಿಯ ಆರ್ಡರ್‌ಗೆ 20 ರೂಪಾಯಿ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ 3.60, ಖಾತೆಗೆ ಬರುವುದು 976.40. ಗೇಟ್‌ವೇ ಹಲವು ಆರ್ಡರ್‌ಗಳ ಹಣವನ್ನು ಒಟ್ಟು ಸೇರಿಸಿ ಹಾಕುವುದರಿಂದ ಬ್ಯಾಂಕಿನ ಮೊತ್ತ ನಿಮ್ಮ ಆರ್ಡರ್ ಪಟ್ಟಿಗೆ ನೇರವಾಗಿ ಹೊಂದುವುದಿಲ್ಲ. ಸೆಟಲ್‌ಮೆಂಟ್ ವರದಿ ಇಳಿಸಿಕೊಂಡು ವಾರಕ್ಕೊಮ್ಮೆ ತಾಳೆ ನೋಡಿ. ರೀಫಂಡ್ ಮಾಡುವಾಗಲೂ ಎಚ್ಚರ: ಉತ್ತರ ಬರದೆ ಟೈಮ್‌ಔಟ್ ಆದರೆ ರೀಫಂಡ್ ಆಗಿಲ್ಲ ಎಂದಲ್ಲ. ಮತ್ತೆ ಒತ್ತುವ ಮುಂಚೆ ಗೇಟ್‌ವೇಯನ್ನು ಕೇಳಿ.

ಹಾಗೆಯೇ, ನೀವು ಕಳಿಸಿದ ಕೋಡ್‌ನಲ್ಲಿ ಲೈವ್ ಕೀಯ ಗುಟ್ಟು ಹಾಗೇ ಇತ್ತು. ನಾನು ಅಳಿಸಿದ್ದೇನೆ, ಆದರೆ ನೀವು ಡ್ಯಾಶ್‌ಬೋರ್ಡ್‌ಗೆ ಹೋಗಿ ಹೊಸ ಕೀ ಮಾಡಿಕೊಳ್ಳಿ. ಗಿಟ್‌ಗೂ (ಕೋಡ್‌ನ ಹಳೆಯ ಆವೃತ್ತಿಗಳನ್ನು ಉಳಿಸಿಡುವ ಸಾಧನ) ಹಾಕಿದ್ದರೆ ಫೈಲ್‌ನಿಂದ ಅಳಿಸಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ, ಅಂದರೆ ಹಿಂದೆ ಉಳಿಸಿದ ಆವೃತ್ತಿಗಳಲ್ಲಿ, ಅದು ಉಳಿದಿರುತ್ತದೆ.

ಎಲ್ಲ ತಿದ್ದಿದ ಮೇಲೆ ಟೆಸ್ಟ್ ಮೋಡ್‌ನಲ್ಲಿ ಈ ಮೂರು ಪರೀಕ್ಷೆ ಮಾಡಿ. ಪಾವತಿ ಒತ್ತಿದ ಕೂಡಲೇ ಬ್ರೌಸರ್ ಮುಚ್ಚಿ, ಆರ್ಡರ್ ತಾನಾಗಿ ಪೇಯ್ಡ್ ಆಗಬೇಕು. ಅದೇ ವೆಬ್‌ಹುಕ್ ಸಂದೇಶವನ್ನು ಒಂದೇ ಸಲಕ್ಕೆ ಹತ್ತು ಬಾರಿ ಕಳಿಸಿ, ಪಾರ್ಸೆಲ್ ಪಟ್ಟಿಯಲ್ಲಿ ಒಂದೇ ಸಾಲು ಇರಬೇಕು. ಆಮೇಲೆ ಸರ್ವರ್ ನಿಲ್ಲಿಸಿ ಪಾವತಿ ಮುಗಿಸಿ, ಅರ್ಧ ಗಂಟೆ ಬಿಟ್ಟು ಚಾಲೂ ಮಾಡಿ, ತಪಾಸಣೆ ಕೆಲಸ ಅದನ್ನು ಹುಡುಕಿ ತರಬೇಕು. ಮೂರಕ್ಕೂ ವಿಳಾಸವನ್ನು ಕನ್ನಡದಲ್ಲೇ ಬರೆಯಿರಿ.